ಎಂಟು ಹೆಜ್ಜೆ ದಾಟದ ದನಿ

ಬೆಳಗಿನ ಜಾವ ಐದು ಗಂಟೆ. ಹೊಳೆದಂಡೆಯ ಊರಗುಡಿಯ ಹಿಂದಿನ ಚಾವಡಿಯಲ್ಲಿ ಹದಿನಾಲ್ಕು ತೂಗುಜೋಲಿಗಳು. ಅವುಗಳೊಳಗೆ ರಾಜರು, ಸೇನಾಪತಿಗಳು, ರಾಣಿಯರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಸೌ ಲಾನ್ ಉಪ್ಪುನೀರಿನಲ್ಲಿ ಗಂಟಲು ತೊಳೆದುಕೊಂಡು, ಕಂಕುಳಲ್ಲಿ ನೋಟ್‌ಬುಕ್ ಸಿಕ್ಕಿಸಿ, ಟಾರ್ಚ್ ಹಿಡಿದು ಮೊದಲನೇ ಜೋಲಿಯ ಹತ್ತಿರ ಬರುತ್ತಾರೆ. ಮಾತಾಡುವ ಮೊದಲು ಬಗ್ಗಿ ಮೂಸುತ್ತಾರೆ. ದಿಂಬು ಮೂಸುತ್ತಾರೆ, ಜೋಲಿಯ ಕೆಳಗಿನ ಚೀಲ ಮೂಸುತ್ತಾರೆ, ಚಪ್ಪಲಿಯನ್ನೂ ಬಿಡುವುದಿಲ್ಲ.

"ಏನ್ ಚಿಕ್ಕಮ್ಮಾ, ನಾನೇನು ಮೀನಾ? ಹಳಸಿದೀನಾ ತಾಜಾ ಇದೀನಾ ಅಂತ ನೋಡ್ತಿದೀರಾ?" ಅನ್ನುತ್ತಾನೆ ಕಣ್ಣು ಬಿಡದೆಯೇ ಕಂಪನಿಯ ಹಾಸ್ಯಗಾರ.

"ನೀನು ಹಳಸಿ ಹತ್ತು ವರ್ಷ ಆಯ್ತು. ಸುಮ್ನೆ ಬಿದ್ಕೋ, ಮಾತು ಕೇಳು."

ಆಮೇಲೆ ಅವನ ಕಿವಿಯ ಹತ್ತಿರ ಬಾಯಿ ತಂದು, ಇವತ್ತು ಮಧ್ಯಾಹ್ನ ಅವನು ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಅರೆನಿದ್ದೆಯಲ್ಲಿರುವವನಿಗೆ ಹೇಳಿದ್ದು ಚೆನ್ನಾಗಿ ಇಳಿಯುತ್ತದೆ ಎಂಬುದು ಅವರ ಮೂವತ್ತೊಂದು ವರ್ಷದ ಅನುಭವ. ಎಚ್ಚರವಾದ ನಟ ವಾದ ಮಾಡುತ್ತಾನೆ.

ಸೌ ಲಾನ್ ಮಾತು ಎತ್ತಿಕೊಡುವವರು, ನಾಟಕದವರ ಬಾಯಲ್ಲಿ ಪ್ರಾಂಪ್ಟರ್. ತಂದೆತಾಯಿಗೆ ಐದನೇ ಕೂಸಾದ್ದರಿಂದ, ಚೊಚ್ಚಲ ಕೂಸನ್ನೇ 'ಎರಡು' ಎಂದು ಎಣಿಸುವ ಈ ಸೀಮೆಯ ಲೆಕ್ಕದಲ್ಲಿ ಅವರು 'ಸೌ', ಅಂದರೆ ಆರು. ಚಿನ್ ಹೊಯ್ ಅವರ ಹಾಡುನಾಟಕದ ಕಂಪನಿ ಒಂದೊಂದು ಊರಗುಡಿಯ ಪೂಜೆಗೆ ಮೂರು ದಿನ ನಿಲ್ಲುತ್ತದೆ, ಮೂರು ದಿನಕ್ಕೆ ಮೂರು ನಾಟಕ. ಬಾಯಿಪಾಠ ಮಾಡಲು ಯಾರಿಗೆ ಪುರಸೊತ್ತು? ಜಾವದಲ್ಲಿ ಸೌ ಲಾನ್ ಪಾತ್ರ ಹೇಳಿಕೊಡಬೇಕು, ಮಧ್ಯಾಹ್ನ ಎರಡಕ್ಕೆ ಪರದೆಯ ಪಕ್ಕದಲ್ಲಿ ಅಡಗಿ ನಿಂತು ಸಾಲು ಸಾಲಾಗಿ ಎತ್ತಿಕೊಡಬೇಕು. ಎರಡೂವರೆ ತಾಸಿನ ಆಟದಲ್ಲಿ ಸಾವಿರದ ನೂರು ಸಾಲು. ಅವರ ದನಿ ಎಂಟು ಹೆಜ್ಜೆ ದೂರ ನಿಂತ ನಟನಿಗೆ ತಲುಪುತ್ತದೆ, ಒಂಬತ್ತನೇ ಹೆಜ್ಜೆಯಲ್ಲಿ ಕೂತ ಪ್ರೇಕ್ಷಕನಿಗೆ ತಲುಪುವುದಿಲ್ಲ. ಆ ದನಿಗಾಗಿ ಅವರು ಮೆಣಸಿನಕಾಯಿ ಬಿಟ್ಟಿದ್ದಾರೆ, ಐಸು ಹಾಕಿದ ಕಾಫಿ ಬಿಟ್ಟಿದ್ದಾರೆ, ಜಗಳವಾಡುವಾಗ ಕೂಗುವುದನ್ನೂ ಬಿಟ್ಟಿದ್ದಾರೆ. ಅವರು ಪಿಸುಗುಟ್ಟುತ್ತಾ ಬೈದರೆ ಎಂಥವರಿಗೂ ಮೈ ನಡುಗುತ್ತದೆ.

"ನನ್ನ ಯಾರೂ ನೋಡಿಲ್ಲ. ನೋಡಿದ್ರು ಅಂದ್ರೆ ಅವತ್ತು ನನ್ ಕೆಲ್ಸ ಕೆಟ್ಟಿದೆ ಅಂತ ಲೆಕ್ಕ" ಎನ್ನುತ್ತಾರೆ. ಇಷ್ಟು ಹೇಳುವುದಕ್ಕೂ ಮೊದಲು ಅವರು, ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರ ಚೀಲವನ್ನು ಎರಡು ಸಲ ಮೂಸಿ ನೋಡಿದ್ದಾರೆ.

ಈ ಮೂಸುವ ಕೆಲಸ ಅವರಿಗೆ ಅಂಟಿಕೊಂಡದ್ದು ನಿನ್ನೆಯಿಂದ. ರಂಗದ ಹಿಂದೆ ಥಿ ಹಣ್ಣು ತರುವ ಹಾಗಿಲ್ಲ. ಹಳದಿ ಬಣ್ಣದ, ಅಂಗೈಯಲ್ಲಿ ಕೂರುವ ಹಣ್ಣು, ಒಂದಿದ್ದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಪೂಜೆಯ ಮಣೆಯ ಮೇಲೆ ಕೆಂಪಂಗಿ ತೊಟ್ಟು ಕೂತಿರುವ ಎರಡು ಪುಟ್ಟ ಬೊಂಬೆಗಳು ಈ ಕಸುಬಿನ ಮೂಲಗುರುಗಳು. ನಾಟಕದ ಹುಚ್ಚಿನಲ್ಲಿ ಅನ್ನನೀರು ಮರೆತು ತೀರಿಹೋದ ರಾಜಕುಮಾರರು. ಮಕ್ಕಳಲ್ಲವೇ? ಥಿ ಹಣ್ಣಿನ ವಾಸನೆ ಬಂದರೆ ಮಣೆ ಬಿಟ್ಟು ಅದರ ಹಿಂದೆ ಓಡಿಬಿಡುತ್ತಾರೆ. ಅವರು ಎದ್ದು ಹೋದರೆಂದರೆ ನಟರಿಗೆ ಮಾತು ನೆನಪಿನಲ್ಲಿ ಉಳಿಯುವುದಿಲ್ಲ.

ಈ ಊರಿನಲ್ಲಿ ಆದದ್ದೂ ಅದೇ. ಮೊದಲ ದಿನ ನಾಯಕನಟ ಖಾಯ್ ತುಂಗ್ ಒಡ್ಡೋಲಗದ ನಡುವೆ ಕಂಬದ ಹಾಗೆ ನಿಂತುಬಿಟ್ಟ. ಸೌ ಲಾನ್ ಸಾಲನ್ನು ನಾಲ್ಕು ಸಲ ಎತ್ತಿಕೊಟ್ಟರು. ಊಹೂಂ. ಎರಡನೇ ದಿನ ಇನ್ನೂ ಎಡವಟ್ಟು. ಹೆಂಡತಿಯ ಪಾತ್ರದ ಲಾಯ್ ಕಣ್ಣೀರು ತಂದುಕೊಂಡು "ಊಟವಾಯಿತೇ ಸ್ವಾಮಿ?" ಎಂದು ಕೇಳಿದರೆ, ಇವನು ಕತ್ತಿ ಎತ್ತಿ "ಅವನ ತಲೆ ಕಡಿಯಿರಿ!" ಅಂದ. ಜನ ಬಿದ್ದು ಬಿದ್ದು ನಕ್ಕರು. ಗುಡಿಯ ಹಿರಿಯರು ನಗಲಿಲ್ಲ. ಮೂರನೇ ದಿನವೂ ಹೀಗೇ ಆದರೆ ಬರುವ ವರ್ಷ ಬೇರೆ ಕಂಪನಿ ನೋಡಿಕೊಳ್ಳುತ್ತೇವೆ ಎಂದರು. ಆಟ ಮುಗಿದು ವೇಷದ ಪೆಟ್ಟಿಗೆ ತೆಗೆದರೆ, ಕಿರೀಟಗಳ ಕೆಳಗೆ ಚೌಕುಳಿ ಬಟ್ಟೆಯಲ್ಲಿ ಸುತ್ತಿದ ಮಾಗಿದ ಥಿ ಹಣ್ಣು!

ಯಾರು ತಂದರು? ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಲಾಯ್ ಕಂಪನಿಗೆ ಸೇರಿ ಎಂಟು ತಿಂಗಳು. ಅದಕ್ಕೂ ಮುಂಚೆ ಸಾದೆಕ್ ಊರಿನ ಮಾರುಕಟ್ಟೆಯಲ್ಲಿ ಹಣ್ಣಿನಂಗಡಿ ಹಾಕಿಕೊಂಡಿದ್ದವಳು, ಗಿರಾಕಿ ಕರೆಯುವ ಕೂಗು ಕೇಳಿಯೇ ಚಿನ್ ಹೊಯ್ ಅವಳನ್ನು ಕರೆತಂದದ್ದು. ಬಾಯಿಬಿಟ್ಟು ಹೆಸರು ಹೇಳಿದವರು ಮಾತ್ರ ಸೌ ಲಾನ್. "ಹಣ್ಣಿನ ಕೈ ಇನ್ಯಾರದ್ದಿದೆ ಇಲ್ಲಿ?" ಎಂದರು, ಅದೇ ಪಿಸುದನಿಯಲ್ಲಿ. ಲಾಯ್ ಅಳಲಿಲ್ಲ, ಆಣೆ ಹಾಕಲಿಲ್ಲ, ಸುಮ್ಮನೆ ಅವರನ್ನೇ ನೋಡಿದಳು. ಇವತ್ತಿನ ಆಟ ಮುಗಿದ ಮೇಲೆ ಐದು ಗಂಟೆಯ ದೋಣಿಗೆ ಅವಳು ಗಂಟುಮೂಟೆ ಕಟ್ಟಬೇಕು ಎಂದು ಚಿನ್ ಹೊಯ್ ತೀರ್ಪು ಕೊಟ್ಟರು.

ಸೌ ಲಾನ್ ಅವರ ಗುಮಾನಿ ಲಾಯ್ ಒಬ್ಬಳ ಮೇಲೆಯೇ ನಿಂತಿತ್ತು ಎಂದುಕೊಂಡರೆ ತಪ್ಪು. ಖಾಯ್ ತುಂಗ್‌ನ ಮೇಲೂ ಅವರಿಗೆ ಅನುಮಾನ. ಪಟ್ಟಣದ ಕಂಪನಿಯೊಂದು ನಟರ ಕಿವಿಗೆ ಕಡಲೆಕಾಳಿನಷ್ಟು ಯಂತ್ರ ಸಿಕ್ಕಿಸಿ, ಒಳಗೆ ಕೂತು ಫೋನಿನಲ್ಲಿ ಮಾತು ಹೇಳುತ್ತದಂತೆ. ಚಿನ್ ಹೊಯ್ ಅದರ ಬೆಲೆ ವಿಚಾರಿಸಿದ್ದನ್ನು ಇವರು ಕೇಳಿಸಿಕೊಂಡಿದ್ದಾರೆ. ತುಂಗ್ ಕೆಲವು ವಾರಗಳಿಂದ ರಂಗದ ಮೇಲೆ ಇವರಿಗೆ ಬೆನ್ನು ಹಾಕಿ ಬಲಕ್ಕೇ ಸರಿಯುತ್ತಿದ್ದಾನೆ. ಬೇಕೆಂದೇ ಮಾತು ಕೆಡಿಸಿ ತಮ್ಮನ್ನು ಮನೆಗೆ ಕಳಿಸುವ ಹುನ್ನಾರ ಇರಬಹುದೇ? "ಹದಿನೇಳು ವರ್ಷ ನನ್ ಬಾಯಿಂದ ತಿಂದ ಬಾಯಿ ಅದು" ಎನ್ನುತ್ತಾರೆ. ಹೊಟ್ಟೆ ಉರಿಯುತ್ತದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಸೌ ಲಾನ್ ಅವರ ತಾಯಿಯೂ ಇದೇ ಕೆಲಸ ಮಾಡಿದವರು. ಮಗಳಿಗೆ ಹಾಡುವ ಆಸೆ ಇತ್ತು, ರಾಗವೂ ಇತ್ತು, ಆದರೆ ರಂಗದ ಬೆಳಕಿಗೆ ಬಂದರೆ ಕೈಕಾಲು ತಣ್ಣಗಾಗಿ ಬೆವರುತ್ತಿದ್ದರು. ಎರಡು ಸಲ ಸಖಿಯ ಪಾತ್ರದಲ್ಲಿ ನಿಂತು, ಎರಡು ಸಲವೂ ಬೀಸಣಿಗೆ ಬೀಳಿಸಿ, ಮೂರನೇ ಸಲ ಪರದೆಯ ಹಿಂದೆ ಹೋದವರು ಮತ್ತೆ ಮುಂದೆ ಬರಲಿಲ್ಲ. ತಾಯಿ ಮಾತು ನಿಂತು ಹಾಸಿಗೆ ಹಿಡಿದಾಗ ನೋಟ್‌ಬುಕ್ ಮಗಳ ಕೈಗೆ ಬಂತು. ಗಂಡ ದೋಣಿ ಕೆಲಸಕ್ಕೆ ಹೋದವನು ಬೇರೆ ಸಂಸಾರ ಹೂಡಿದ. ಅದನ್ನು ಅವರು ಹೇಳುವುದು ಅರ್ಧ ವಾಕ್ಯದಲ್ಲಿ: "ಅವ್ನ ಮಾತ್ ಬಿಡಿ, ಅವ್ನಿಗೆ ನಾನು ಎತ್ತಿಕೊಟ್ಟಿದ್ದು ಒಂದೂ ತಲೆಗೆ ಹೋಗ್ಲಿಲ್ಲ."

ಎಪ್ಪತ್ತನಾಲ್ಕು ನಾಟಕಗಳು ಅವರ ಬಾಯಲ್ಲಿವೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಕಂಪನಿಯ ಒಬ್ಬೊಬ್ಬರ ಪೂರ್ವಾಶ್ರಮವೂ ಅವರಿಗೆ ಗೊತ್ತು. ಪೋಸ್ಟರಿನಲ್ಲಿ ಎಲ್ಲರೂ ಕಲಾವಿದರ ವಂಶದ ಕುಡಿಗಳು. ಆ ಸುಳ್ಳು ಚಿನ್ ಹೊಯ್ ಅವರದ್ದು. ನಿಜವೆಂದರೆ ಹಾಸ್ಯಗಾರ ಒಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ. ಖಳನಾಯಕ ಸಂತೆಯಲ್ಲಿ ಕೂತು ಜನರ ಹಲ್ಲು ಕೀಳುತ್ತಿದ್ದ. ರಾಜಮಾತೆ ಹೊಲಿಗೆ ಮಷೀನು ತುಳಿದವಳು. ಸೌ ಲಾನ್ ಮಾತು ಕೊಡುವುದೇ ಆ ಹಳೆಯ ಕಸುಬಿನ ದಾರಿಯಲ್ಲಿ. ಹಾಸ್ಯಗಾರನಿಗೆ ಸ್ಟಾಪುಗಳ ಹಾಗೆ ಸಾಲುಗಳನ್ನು ಎಣಿಸುತ್ತಾರೆ: "ಇಲ್ಲಿ ಹತ್ತು, ಇಲ್ಲಿ ಇಳಿ, ಇಲ್ಲಿ ರಾಜನಿಗೆ ಕೈ ಮುಗಿ." ರಾಜಮಾತೆಗೆ ಎಲ್ಲಿ ಹೊಲಿಗೆ, ಎಲ್ಲಿ ಗಂಟು ಎಂದು ತೋರಿಸುತ್ತಾರೆ. ಖಾಯ್ ತುಂಗ್‌ಗೆ ಮಾತ್ರ ಇದಾವುದೂ ಬೇಕಿರಲಿಲ್ಲ. ಮೊದಲ ಪದ ಕೊಟ್ಟರೆ ಸಾಕು, ಉಳಿದದ್ದು ಅವನೇ ಎಳೆದುಕೊಳ್ಳುತ್ತಿದ್ದ. ಹೀಗಾಗಿ ಅವನ ಹಳೆಯ ಕಸುಬನ್ನು ನೆನೆಸಿಕೊಳ್ಳುವ ಪ್ರಮೇಯವೇ ಅವರಿಗೆ ಬಂದಿರಲಿಲ್ಲ.

ಇವತ್ತು ಅವರು ಅವನ ಜೋಲಿಗೆ ಕೊನೆಗೆ ಬರುತ್ತಾರೆ. ಅವನು ಬಲಮಗ್ಗುಲಾಗಿ, ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದಾನೆ, ಕಣ್ಣು ತೆರೆದೇ ಇದೆ, ಹೊಳೆ ನೋಡುತ್ತಿದ್ದಾನೆ. ಅವರು ಅವನ ತಲೆಯ ಹಿಂದೆ ನಿಂತು ಮೊದಲ ಸಾಲು ಹೇಳುತ್ತಾರೆ. ಉತ್ತರವಿಲ್ಲ. ಮತ್ತೆ ಹೇಳುತ್ತಾರೆ. ಅವನು ತನ್ನ ಪಾಡಿಗೆ ಏನೋ ಗುನುಗುತ್ತಿದ್ದಾನೆ. ಎಂಥ ಕೊಬ್ಬು! ಅವರಿಗೆ ರೇಗುತ್ತದೆ.

"ನನ್ನ ಓಡ್ಸೋಕೆ ಮಾಡ್ತಿದೀಯ ಅಂತ ಗೊತ್ತು ಕಣೋ, ನಮಕ್ ಹರಾಮ್."

ಅವನು ರೆಪ್ಪೆ ಅಲುಗಿಸುವುದಿಲ್ಲ. ಅವರು ನೋಟ್‌ಬುಕ್ಕಿನಿಂದ ಅವನ ಎಡಗಿವಿಯ ಪಕ್ಕದಲ್ಲೇ ಫಟ್ ಎಂದು ಕಂಬಕ್ಕೆ ಹೊಡೆಯುತ್ತಾರೆ. ಮೂರು ಜೋಲಿಯಾಚೆಯ ಖಳನಾಯಕ ಬೆಚ್ಚಿ ಎದ್ದು ಕೂರುತ್ತಾನೆ. ತುಂಗ್ ಗುನುಗುತ್ತಲೇ ಇದ್ದಾನೆ. ಟಾರ್ಚಿನ ಬೆಳಕು ಮುಖಕ್ಕೆ ಬಿದ್ದಾಗಲೇ ಅವನು ತಿರುಗುವುದು.

"ಅಯ್ಯೋ ಚಿಕ್ಕಮ್ಮಾ, ಯಾವಾಗ ಬಂದ್ರಿ?"

ಸೌ ಲಾನ್ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ. ನಾಟಕಕ್ಕೆ ಬರುವ ಮುಂಚೆ ಹದಿನಾಲ್ಕು ವರ್ಷ ಇವನು ಅಕ್ಕಿ ಗಿರಣಿಯಲ್ಲಿದ್ದ. ಬೆಳಗ್ಗೆಯಿಂದ ಸಂಜೆಯವರೆಗೆ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ, ಎಂಜಿನ್ನು ಅವನ ಎಡಕ್ಕೆ. ಮೂವತ್ತೊಂದು ವರ್ಷದಿಂದ ಇವರು ನಿಲ್ಲುವುದೂ ರಂಗದ ಎಡಕ್ಕೇ.

"ಈ ಕಿವಿ ಕೇಳ್ದೆ ಎಷ್ಟ್ ದಿನ ಆಯ್ತೋ?" ಅವನ ಬಲಗಿವಿಯ ಕಡೆ ಹೋಗಿ ಕೇಳುತ್ತಾರೆ.

ಅವನು ಎದ್ದು ಕೂರುತ್ತಾನೆ. "ಹೋಗ್ತಾ ಇತ್ತು ಚಿಕ್ಕಮ್ಮ, ಸ್ವಲ್ಪ ಸ್ವಲ್ಪ. ಈ ತಿಂಗ್ಳು ಪೂರ್ತಿ ಹೋಯ್ತು. ಕಿವುಡ ನಾಯಕನ್ನ ಯಾರ್ ಇಟ್ಕೋತಾರೆ? ನಂಗೆ ಗಿರಣಿ ಬಿಟ್ರೆ ಬೇರೆ ಗೊತ್ತಿಲ್ಲ, ಗಿರಣಿಗೂ ಈಗ ಬೇಡ."

"ಹಣ್ಣು?"

ಅವನು ಜೋಲಿಯ ಹಗ್ಗ ಹಿಡಿದುಕೊಂಡು ಅಳುತ್ತಾನೆ. "ನಾನೇ ಇಟ್ಟಿದ್ದು. ಹಣ್ಣು ಸಿಕ್ರೆ ಎಲ್ಲಾ ಮೂಲಗುರು ಎದ್ ಹೋದ್ರು ಅಂತಾರೆ, ಒಂದ್ ಪೂಜೆ ಮಾಡಿ ಮುಗಿಸ್ತಾರೆ, ನನ್ ಕಿವಿ ಸುದ್ದಿಗ್ ಯಾರೂ ಬರಲ್ಲ ಅಂದ್ಕೊಂಡೆ. ನೀವು ಆ ಹುಡ್ಗಿ ಹೆಸ್ರು ಹೇಳ್ತೀರಾ ಅಂತ ನಂಗೇನ್ ಗೊತ್ತು?"

ಈ ಕೊನೆಯ ಮಾತು ಸೌ ಲಾನ್ ಅವರಿಗೆ ಚುಚ್ಚುತ್ತದೆ. ತಪ್ಪು ಅವನದ್ದು, ಬೆರಳು ತಮ್ಮದು. ಆಟಕ್ಕೆ ಮುಂಚೆ ಎಲ್ಲರೆದುರು ಒಪ್ಪಿಕೋ ಎನ್ನುತ್ತಾರೆ. ಅವನು ತನ್ನ ಎರಡು ಮಕ್ಕಳ ಹೆಸರು ಹೇಳಿ ಕಾಲು ಹಿಡಿಯುತ್ತಾನೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಎದ್ದು ಬರುತ್ತಾರಾದರೂ, ಹೇಳಲು ತಮ್ಮ ಬಾಯಿ ಬರುತ್ತದೆಯೇ ಎಂಬ ಅನುಮಾನ ಈಗ ಅವರಿಗೆ ತಮ್ಮ ಮೇಲೆಯೇ.

ಮಧ್ಯಾಹ್ನ ಹನ್ನೆರಡಕ್ಕೆ ಲಾಯ್ ಕನ್ನಡಿಯ ಮುಂದೆ ಹುಬ್ಬು ತೀಡುತ್ತಿದ್ದಾಳೆ. ಅವಳ ತಗಡಿನ ಟ್ರಂಕು ಆಗಲೇ ದೋಣಿಕಟ್ಟೆಯ ಮೇಲಿದೆ. ಸೌ ಲಾನ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ.

"ಲಾಯ್, ಹಣ್ಣಿಟ್ಟಿದ್ದು ನೀನಲ್ಲ. ತುಂಗ್. ಅವ್ನ ಎಡಗಿವಿ..."

"ಗೊತ್ತು" ಅನ್ನುತ್ತಾಳೆ ಅವಳು ಕನ್ನಡಿಯಿಂದ ಕಣ್ಣು ತೆಗೆಯದೆ. "ಕಿವಿ ವಿಷ್ಯ ಮೊದಲ್ನೇ ದಿನಾನೇ ಗೊತ್ತಾಯ್ತು. ಅವ್ರು ನನ್ ಕಣ್ ನೋಡ್ತಿರ್ಲಿಲ್ಲ, ತುಟಿ ನೋಡ್ತಿದ್ರು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಂಬ್ತಿದ್ರಾ? ಹಣ್ಣು ಮಾರೋಳು, ತಪ್ಪಿಸ್ಕೊಳ್ಳೋಕೆ ದೊಡ್ಡೋರ ಮೇಲೆ ಹಾಕ್ತಾಳೆ ಅಂತಿದ್ರಿ. ನೀವೇ ಅಂತಿದ್ರಿ ಚಿಕ್ಕಮ್ಮ."

ಸೌ ಲಾನ್ ಹಾಗೆಯೇ ಅನ್ನುತ್ತಿದ್ದರು, ಖಂಡಿತ ಅನ್ನುತ್ತಿದ್ದರು.

ಒಂದು ಗಂಟೆಗೆ ಮೂಲಗುರುವಿನ ಮಣೆಯ ಮುಂದೆ ಎಲ್ಲರೂ ಊದುಬತ್ತಿ ಹಿಡಿದು ನಿಲ್ಲುತ್ತಾರೆ. ಸೌ ಲಾನ್ ಒಂದು ಹೆಜ್ಜೆ ಮುಂದೆ ಬಂದು, ಲಾಯ್ ತಪ್ಪು ಮಾಡಿಲ್ಲ, ಅವಳ ಹೆಸರು ಹೇಳಿದ್ದು ನನ್ನ ತಪ್ಪು ಎನ್ನುತ್ತಾರೆ.

"ಹಂಗಾದ್ರೆ ಯಾರು?" ಚಿನ್ ಹೊಯ್ ಕಣ್ಣು ಕಿರಿದು ಮಾಡುತ್ತಾರೆ.

ಸೌ ಲಾನ್ ತುಂಗ್ ಕಡೆ ನೋಡುತ್ತಾರೆ. ಅವನು ಊದುಬತ್ತಿಯ ಹೊಗೆಯೊಳಗೆ ಮುಖ ಇಟ್ಟುಕೊಂಡು ನಿಂತಿದ್ದಾನೆ. ಅವನ ಎರಡು ಮಕ್ಕಳ ಹೆಸರು ನೆನಪಾಗಿ, ಅವರು ಕೈಲಿದ್ದ ಊದುಬತ್ತಿಯನ್ನು ಮಣೆಯ ಮುಂದೆ ಸಿಕ್ಕಿಸಿ ಹಿಂದೆ ಸರಿಯುತ್ತಾರೆ.

"ನಿನ್ನೆ ಆಕೆ ಅಂದೆ, ಇವತ್ತು ಅಲ್ಲ ಅಂತೀಯ, ಯಾರು ಅಂದ್ರೆ ಬಾಯಿಗ್ ಬೀಗ. ಏನ್ ಸೌ, ಒಳಗೊಳಗೇ ಏನ್ ನಡೀತಿದೆ?" ಎನ್ನುತ್ತಾರೆ ಚಿನ್ ಹೊಯ್. "ಹೆಸ್ರಿಲ್ದೆ ನಾನು ತೀರ್ಪು ಬದ್ಲಾಯ್ಸಲ್ಲ. ಐದಕ್ಕೆ ದೋಣಿ."

ಎರಡು ಗಂಟೆಗೆ ತಮ್ಮಟೆ ಬಡಿಯುತ್ತದೆ. ಸೌ ಲಾನ್ ಮೂವತ್ತೊಂದು ವರ್ಷದ ತಮ್ಮ ಎಡಭಾಗ ಬಿಟ್ಟು ಬಲಕ್ಕೆ, ವಾದ್ಯದವರ ಇಕ್ಕಟ್ಟಿನಲ್ಲಿ, ನೀರಿನ ಮಡಕೆಗೂ ಡೋಲಿಗೂ ನಡುವೆ ತೂರಿಕೊಂಡು ನಿಲ್ಲುತ್ತಾರೆ. ತುಂಗ್ ಪ್ರವೇಶಿಸುತ್ತಾನೆ. ಮೊದಲ ಪದ ಕೊಡುತ್ತಾರೆ. ಅವನು ಎಳೆದುಕೊಳ್ಳುತ್ತಾನೆ! ಒಂದೂವರೆ ತಾಸು ಎಲ್ಲ ಸರಾಗ. ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಹುಬ್ಬು ಸಡಿಲವಾಗುತ್ತದೆ.

ಆಮೇಲೆ ಸೆರೆಮನೆಯ ದೃಶ್ಯ. ತುಂಗ್ ಆಡುವ ಸೇನಾಪತಿಗೆ ಮರಣದಂಡನೆಯಾಗಿದೆ, ಹೆಂಡತಿ ಕೊನೆಯ ಸಲ ನೋಡಲು ಎಡಗಡೆಯಿಂದ ಬರುತ್ತಾಳೆ. ಸಂಕೋಲೆಯಲ್ಲಿರುವ ಅವನು ಅವಳ ಕಡೆಗೆ ಎಡಕ್ಕೆ ತಿರುಗಲೇಬೇಕು. ತಿರುಗಿದ ಕೂಡಲೇ ಅವನ ಬಲಗಿವಿ ಮುನ್ನೂರು ಜನರ ಕಡೆಗಾಗುತ್ತದೆ, ಅವನ ಬೆನ್ನು ಸೌ ಲಾನ್ ಅವರ ಕಡೆಗೆ. ಇಲ್ಲಿ ಎರಡು ಸಾಲು ಮಾತು, ಅದರ ತುದಿಯಲ್ಲಿ ದನಿ ಏರಿ ಹಾಡಿನೊಳಗೆ ಇಳಿಯಬೇಕು. ಜನ ಬರುವುದೇ ಆ ಇಳಿತಕ್ಕೆ ಚಪ್ಪಾಳೆ ತಟ್ಟಲು. ಸೌ ಲಾನ್ ಎತ್ತಿಕೊಡುತ್ತಾರೆ. ಅವನು ಸುಮ್ಮನಿದ್ದಾನೆ. ಮತ್ತೆ ಕೊಡುತ್ತಾರೆ. ಗಿಟಾರಿನವನು ಒಂದೇ ಸ್ವರ ಹಿಡಿದು ಕಾಯುತ್ತಿದ್ದಾನೆ, ಒಂದು ಸುತ್ತು, ಎರಡು ಸುತ್ತು. ಇನ್ನೂ ಜೋರಾಗಿ ಹೇಳಿದರೆ ಊರಿಗೇ ಕೇಳುತ್ತದೆ.

ಆಗ ಲಾಯ್, ನಾಟಕದಲ್ಲಿ ಎಲ್ಲೂ ಇಲ್ಲದ ಹಾಗೆ, ಓಡಿಬಂದು ಅವನ ಬಲಹೆಗಲಿನ ಮೇಲೆ ಮುಖ ಇಟ್ಟು ಬಿಕ್ಕುತ್ತಾಳೆ. ಬಿಕ್ಕುತ್ತಲೇ ಆ ಎರಡು ಸಾಲನ್ನು ಅವನ ಕಿವಿಯೊಳಗೆ ಹಾಕುತ್ತಾಳೆ. ತುಂಗ್ ತಲೆ ಎತ್ತುತ್ತಾನೆ. ಮಾತು ಬರುತ್ತದೆ, ದನಿ ಏರುತ್ತದೆ, ಹಾಡಿಗೆ ಇಳಿಯುತ್ತದೆ. ಚಪ್ಪಾಳೆಗೆ ಗುಡಿಯ ಪಾರಿವಾಳಗಳು ಹಾರುತ್ತವೆ. ಸೇನಾಪತಿ ನಿಜವಾಗಿಯೇ ಅಳುತ್ತಿದ್ದಾನೆ. ಆದರೆ ಸೌ ಲಾನ್ ಅವರ ತಲೆಯಲ್ಲಿ ಬೇರೆಯೇ ಗುಮಾನಿ ಹುಟ್ಟಿದೆ. ಅದು ತುಂಗ್‌ನ ಮಾತು, ಲಾಯ್‌ಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅವಳಿಗೆ ಎಲ್ಲಿಂದ ಬಂತು?

ಆಟ ಮುಗಿದ ಕೂಡಲೇ ತುಂಗ್ ಬಣ್ಣ ತೆಗೆಯದೆ, ಸಂಕೋಲೆಯನ್ನೂ ಬಿಚ್ಚದೆ, ನೆಟ್ಟಗೆ ಹೋಗಿ ಮಣೆಯ ಮುಂದೆ ಮಂಡಿಯೂರುತ್ತಾನೆ. ಕಿವಿಯ ವಿಷಯ, ಹಣ್ಣಿನ ವಿಷಯ, ಎಲ್ಲ ಹೇಳುತ್ತಾನೆ. ಕಿವುಡರು ಮಾತಾಡುವ ಹಾಗೆ ಅಗತ್ಯಕ್ಕಿಂತ ಜೋರಾಗಿ ಹೇಳುವುದರಿಂದ ಗುಡಿಯ ಹಿರಿಯರಿಗೂ ಕೇಳಿಸುತ್ತದೆ. ಚಿನ್ ಹೊಯ್ ಕೈ ಎತ್ತುತ್ತಾರೆ, ಹೊಡೆಯುವುದಿಲ್ಲ. "ಮೂಲಗುರುವಿನ ಮೇಲೇ ಹಾಕ್ದೆಯಲ್ಲೋ ಪಾಪಿ" ಎಂದು ತಾವೇ ಕೂತುಕೊಂಡುಬಿಡುತ್ತಾರೆ. ಆಮೇಲೆ ಎದ್ದು ದೋಣಿಕಟ್ಟೆಗೆ ನಡೆದು, ಯಾರಿಗೂ ಹೇಳದೆ ಲಾಯ್‌ಳ ಟ್ರಂಕನ್ನು ತಾವೇ ಹೊತ್ತು ತರುತ್ತಾರೆ. ಐದರ ದೋಣಿ ಅವಳಿಲ್ಲದೆ ಹೋಗುತ್ತದೆ.

ಇದಾಗಿ ಮೂರು ವಾರ. ಕಂಪನಿ ಈಗ ಇನ್ನೊಂದು ಊರಗುಡಿಯಲ್ಲಿದೆ. ತುಂಗ್‌ನ ಪ್ರವೇಶಗಳನ್ನೆಲ್ಲ ಬದಲಾಯಿಸಿದ್ದಾರೆ, ಸೌ ಲಾನ್ ಅವರ ಜಾಗ ಬಲಕ್ಕೆ ಖಾಯಂ ಆಗಿದೆ. ಕಿವಿಯ ವಿಷಯ ಪತ್ರಿಕೆಯಲ್ಲಿ ಬಂದರೆ ಅಡ್ಡಿಯಿಲ್ಲವೇ ಎಂದರೆ ತುಂಗ್ ನಗುತ್ತಾನೆ: "ಬರೀರಿ. ಮುಚ್ಚಿಟ್ಟು ಏನಾಯ್ತು ಅಂತ ನೋಡಿದ್ರಲ್ಲ." ಚಿನ್ ಹೊಯ್ ಇನ್ನೂ ಅವನನ್ನು ಪೂರ್ತಿ ನಂಬಿಲ್ಲ. ಪೆಟ್ಟಿಗೆಯ ಕೀಲಿ ತಮ್ಮ ಸೊಂಟಕ್ಕೇ ಕಟ್ಟಿಕೊಂಡಿದ್ದಾರೆ.

ಲಾಯ್ ಈಗಲೂ ಹೆಂಡತಿಯ ಪಾತ್ರ ಮಾಡುತ್ತಾಳೆ. ಎದುರಿಗೆ ಸಿಕ್ಕರೆ "ಚಿಕ್ಕಮ್ಮ, ಊಟ ಆಯ್ತಾ?" ಅನ್ನುತ್ತಾಳೆ, ಶುಂಠಿ ನೀರು ಕಾಯಿಸಿ ಕೊಡುತ್ತಾಳೆ. ಆದರೆ ಇದೆಲ್ಲ ಆದ ಮಾರನೇ ಜಾವ ಸೌ ಲಾನ್ ಅವಳ ಜೋಲಿಯ ಹತ್ತಿರ ಹೋದಾಗಲೇ ಎದ್ದು ಕೂತು ಮೆಲ್ಲಗೆ ಹೇಳಿದ್ದಳು: "ನಂಗೆ ಎತ್ತಿಕೊಡ್ಬೇಡಿ ಚಿಕ್ಕಮ್ಮ. ಚಿನ್ ಮಾವನ ಪೆಟ್ಟಿಗೆಲಿರೋ ನಾಟಕದ ಪ್ರತಿ ಇಸ್ಕೊಂಡು ಕಲ್ತ್ಕೋತಿದೀನಿ. ನಂದಷ್ಟೇ ಅಲ್ಲ, ಎಲ್ಲಾರದ್ದೂ. ನೀವು ನನ್ ಹೆಸ್ರು ಹೇಳಿದ ದಿನದಿಂದ್ಲೇ ಶುರು ಮಾಡ್ದೆ. ಯಾರು ಯಾವಾಗ ಕೈ ಬಿಡ್ತಾರೋ ಗೊತ್ತಿಲ್ವಲ್ಲ."

ಹದಿನಾಲ್ಕು ಜೋಲಿಗಳಲ್ಲಿ ಸೌ ಲಾನ್ ಈಗ ಹದಿಮೂರಕ್ಕೆ ಮಾತ್ರ ಬಗ್ಗುತ್ತಾರೆ. ಹದಿನಾಲ್ಕನೆಯದರ ಮುಂದೆ ಕ್ಷಣ ನಿಂತು ದಾಟಿ ಹೋಗುತ್ತಾರೆ. ಮೂವತ್ತೊಂದು ವರ್ಷದಲ್ಲಿ ತಮ್ಮ ಹಂಗಿಲ್ಲದೆ ರಂಗಕ್ಕೆ ಹೋದ ಮೊದಲ ನಟಿ ಅವಳು ಎಂದು ಹೇಳುವಾಗ ಅವರಿಗೆ ಹೆಮ್ಮೆಯೇ. ಕಣ್ಣು ಒರೆಸಿಕೊಳ್ಳುತ್ತಾರೆ, ಅದೂ ನಿಜ. ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ನೋಟ್‌ಬುಕ್ ಮುಚ್ಚಿ, ರಂಗದ ಮೇಲೆ ಒಂದೂ ಮಾತು ತಪ್ಪದೆ ಹಾಡುತ್ತಿರುವ ಲಾಯ್‌ಳನ್ನು ನೋಡುತ್ತಾ ಪಿಸುಗುಟ್ಟುತ್ತಾರೆ:

"ಒಂದೇ ಒಂದ್ ದಿನ ಅವ್ಳು ಮಾತು ಮರ್ತು ನನ್ ಕಡೆ ತಿರುಗಿ ನೋಡ್ಬೇಕು. ಅಷ್ಟು ಸಾಕು ನಂಗೆ."